ಹಂದರ ಹಾರಿದರೂ ಪಂಕ್ತಿ ನಿಲ್ಲದು

ಲಗ್ನಪತ್ರಿಕೆ ಮನೆ ಮುಟ್ಟುವ ಮೊದಲೇ ರೊಟ್ಟಿ ಬಡಿಯುವ ಸಪ್ಪಳ ಓಣಿಗೆ ಮದುವೆಯ ಸುದ್ದಿ ಮುಟ್ಟಿಸಿರುತ್ತದೆ. ಸಿಂಧನೂರು ತಾಲ್ಲೂಕಿನ ತುರ್ವಿಹಾಳದಲ್ಲಿ, ಅದರ ಸುತ್ತಲಿನ ಮಸ್ಕಿ, ಲಿಂಗಸುಗೂರು ಸೀಮೆಯ ಊರುಗಳಲ್ಲಿ, ಅಕ್ಕಿಕಾಳು ಬೀಳುವುದಕ್ಕೆ ಇನ್ನೂ ಎಂಟು ಹತ್ತು ದಿನ ಇರುವಾಗಲೇ ಹೆಣ್ಣುಮಕ್ಕಳು ಹಂಚಿನ ಮುಂದೆ ಕೂಡುತ್ತಾರೆ. ಹಂದರ ಇನ್ನೂ ಹಾಕಿರುವುದಿಲ್ಲ, ಬಾಜಾಭಜಂತ್ರಿಯವರಿಗೆ ಮುಂಗಡ ಹೋಗಿರುವುದಿಲ್ಲ. ಒಳಮನೆಯಲ್ಲಿ ಮಾತ್ರ ಬಿಳಿ ಪಂಚೆ ಹಾಸಿ, ಅದರ ಮೇಲೆ ಬಿಳಿಜೋಳದ ಕಟಿರೊಟ್ಟಿ ಒಂದರ ಮೇಲೊಂದು ಏರುತ್ತಿರುತ್ತವೆ.

ಇಷ್ಟು ಮುಂಚೆ ಏಕೆ ಎಂದು ಕೇಳುವವರು ಈ ಸೀಮೆಯ ಬೇಸಿಗೆಯ ಮದುವೆಯೊಂದನ್ನು ನೋಡಬೇಕು. ಉಗಾದಿ ಕಳೆದು ಮುಂಗಾರು ಬಿತ್ತನೆ ಶುರುವಾಗುವುದರೊಳಗೆ ಇಲ್ಲಿ ಲಗ್ನಗಳ ಭರಾಟೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಅದು. ಅದೇ ಕಾಲಕ್ಕೆ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಧ್ಯಾಹ್ನದ ತನಕ ಎಲೆ ಅಲುಗುವುದಿಲ್ಲ. ಇಳಿಹೊತ್ತಿಗೆ ಕರಿಮೋಡ ಕವಿದು, ಕೆಂಧೂಳಿ ಎದ್ದು, ಗುಡುಗು ಸಿಡಿಲಿನ ಜೊತೆ ಅಡ್ಡಮಳೆ. ಹಂದರದ ತಾಡಪಾಲು ಕಿತ್ತು ಹಾರುತ್ತದೆ, ಕರೆಂಟು ಹೋಗುತ್ತದೆ, ಕಲ್ಲಿನ ಒಲೆಗೆ ನೀರು ನುಗ್ಗುತ್ತದೆ. ಮಳೆ ಬಾರದ ದಿನ ಬಿಸಿಲೇ ವೈರಿ: ಬೆಳಗಿನ ಜಾವ ಇಳಿಸಿದ ಬೇಳೆಸಾರು ನಿಬ್ಬಣ ಬರುವ ಹೊತ್ತಿಗೆ ಹುಳಿವಾಸನೆ ಹೊಡೆಯುತ್ತದೆ, ಹಾಲು ಒಡೆಯುತ್ತದೆ. ಬೀಗರ ಕ್ರೂಸರ್ ನಡುದಾರಿಯಲ್ಲಿ ಪಂಕ್ಚರ್ ಆಗಿ ಲಗ್ನ ಎರಡು ತಾಸು ಮುಂದೆ ಹೋಗುತ್ತದೆ. 19 ಕಿಲೋ ಸಿಲಿಂಡರ್ ಅನ್ನ ಅರ್ಧ ಬೆಂದಾಗ ಉಸಿರು ಬಿಡುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಫಜೀತಿ ಮಂದಿಯ ಲೆಕ್ಕ. ಇಲ್ಲಿ ಮದುವೆಗೆ ಕರೆಯುವುದು ತಲೆ ಎಣಿಸಿ ಅಲ್ಲ, ಮನೆ ಎಣಿಸಿ. ‘ಮನಿಮಂದಿ ಎಲ್ಲಾ ಬರ್ರಿ’ ಎಂದು ಕರೆದ ಮೇಲೆ ಒಂದು ಮನೆಯಿಂದ ಇಬ್ಬರು ಬರಬಹುದು, ಹನ್ನೆರಡು ಮಂದಿಯೂ ಬರಬಹುದು. ಐನೂರು ಜನಕ್ಕೆಂದು ಒಲೆ ಹಚ್ಚಿದಲ್ಲಿ ಎಂಟುನೂರು ಎಲೆ ಬೀಳುವುದು ಹೊಸದೇನಲ್ಲ. ಉಣ್ಣದೆ ಒಬ್ಬರೂ ಎದ್ದು ಹೋಗಬಾರದು, ಇದು ಮನೆತನದ ಮರ್ಯಾದೆಯ ಪ್ರಶ್ನೆ. ಆಗ ಅಡುಗೆಯವನ ಮುಖ ನೋಡಿ ಪ್ರಯೋಜನವಿಲ್ಲ. ಒಳಮನೆಯ ರೊಟ್ಟಿಯ ಬುಟ್ಟಿ ಹೊರಗೆ ಬರಬೇಕು.

ಉತ್ತರ ಕರ್ನಾಟಕದ ರೊಟ್ಟಿಯನ್ನು ರುಚಿಗಾಗಿ, ಆರೋಗ್ಯಕ್ಕಾಗಿ ಹೊಗಳುವ ಬರಹಗಳು ಬೇಕಾದಷ್ಟಿವೆ. ಅದು ಅನಾಹುತಕ್ಕೆ ಒದಗುವ ಊಟ ಎಂಬ ಗುಣವನ್ನು ಗುರುತಿಸಿದವರು ಕಡಿಮೆ. ಒಲೆ, ಗ್ಯಾಸು, ಕರೆಂಟು, ಹವಾಮಾನ, ಯಾವುದನ್ನೂ ನೆಚ್ಚದೆ ಸಿದ್ಧವಾಗಿ ಕೂತಿರುವ ಊಟ ಇನ್ನೊಂದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಕೆಂಪು ಮೆಣಸಿನಕಾಯಿಯ ಚಟ್ನಿ, ಗಟ್ಟಿ ಮೊಸರು, ಸೀಳಿದ ಉಳ್ಳಾಗಡ್ಡಿ ಇದ್ದರೆ ಪಂಕ್ತಿ ಕೂತಂತೆಯೇ. ಇವುಗಳಲ್ಲಿ ಒಂದಕ್ಕೂ ಆ ಹೊತ್ತಿನಲ್ಲಿ ಬೆಂಕಿ ಬೇಕಿಲ್ಲ.

ಕಟಿರೊಟ್ಟಿ ಮಾಡುವುದು ನೋಡಲು ಸರಳ, ಕೈಗೆ ಬರುವುದು ಕಷ್ಟ. ಗೋಧಿಯಲ್ಲಿರುವ ಅಂಟಿನ ಅಂಶ ಜೋಳದಲ್ಲಿಲ್ಲ. ತಣ್ಣೀರಲ್ಲಿ ಕಲಸಿದ ಹಿಟ್ಟು ಬಡಿಯುತ್ತಿದ್ದಂತೆ ಅಂಚು ಬಿರಿಯುತ್ತದೆ. ಅದಕ್ಕೇ ಎಸರು. ಕುದಿಯುವ ನೀರನ್ನು ಹಿಟ್ಟಿನ ನಡುವಿನ ಗುಳಿಗೆ ಹೊಯ್ದಾಗ ಪಿಷ್ಟದ ಒಂದಿಷ್ಟು ಭಾಗ ಬೆಂದು ಜಿಗಿ ಬರುತ್ತದೆ. ಬಿಸಿ ಇರುವಾಗಲೇ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಹಳೆಯ ಹಿಟ್ಟಿಗೆ ಈ ಜಿಗಿ ಇರುವುದಿಲ್ಲ. ಗಿರಣಿಯಿಂದ ತಂದ ಹಿಟ್ಟಿನ ಒಂದು ಚಿಟಿಕೆಯನ್ನು ಬೆರಳ ನಡುವೆ ತಿಕ್ಕಿ ನೋಡಿಯೇ ಅನುಭವಸ್ಥರು ಅದು ಎಷ್ಟು ದಿನದ್ದೆಂದು ಹೇಳಿಬಿಡುತ್ತಾರೆ.

ಆಮೇಲೆ ಬಡಿತ. ಒಣಹಿಟ್ಟು ಉದುರಿಸಿದ ಮಣೆಯ ಮೇಲೆ ಉಂಡೆ ಇಟ್ಟು, ಒಂದು ಕೈ ಬಡಿಯುತ್ತ, ಇನ್ನೊಂದು ಕೈ ಅಂಚು ಕಾಯುತ್ತ ತಿರುಗಿಸುವುದು. ರೊಟ್ಟಿ ತಾನೇ ಸುತ್ತುತ್ತ ಅಗಲವಾಗುತ್ತದೆ. ಮೆತ್ತನೆಯ ರೊಟ್ಟಿಗಿಂತ ಕಟಿರೊಟ್ಟಿ ತೆಳ್ಳಗಿರಬೇಕು, ನಡುವೆ ಒಂದು ದಪ್ಪ ಅಂಚಿಗೆ ಒಂದು ದಪ್ಪ ಆಗಕೂಡದು. ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಬೇಕು. ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ಅವಸರ ಮಾಡಿದರೆ ಹರಿಯುತ್ತದೆ, ತಡವಾದರೆ ಒಡೆಯುತ್ತದೆ. ಎರಡೂ ಮೈ ಬೆಂದ ಮೇಲೆ ಇದರ ನಿಜವಾದ ಕೆಲಸ ಶುರು: ಉರಿ ತಗ್ಗಿಸಿ, ಅರಿವೆಯ ಮುದ್ದೆಯಿಂದ ಅಂಚನ್ನೂ ನಡುವನ್ನೂ ಒತ್ತುತ್ತ ಒಳಗಿನ ಪಸೆಯನ್ನೆಲ್ಲ ಹೊರಗೆ ಕಳಿಸುವುದು. ಇಳಿಸಿದ ರೊಟ್ಟಿಯನ್ನು ಬಿಸಿ ಇರುವಾಗ ಪೇರಿಸಿದರೆ ಅದು ಬೆವರಿ ಮೆತ್ತಗಾಗುತ್ತದೆ, ನಾಲ್ಕೇ ದಿನಕ್ಕೆ ಬೂಷ್ಟು. ಬಿಡಿಬಿಡಿಯಾಗಿ ಆರಿಸಿ, ಪೂರಾ ಒಣಗಿದ ಮೇಲೆ ಬಟ್ಟೆ ಸುತ್ತಿದ ಬುಟ್ಟಿಗೋ ಪೆಟ್ಟಿಗೆಗೋ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಹಪ್ಪಳ ಮುರಿದ ಸದ್ದು ಬಂದರೆ ರೊಟ್ಟಿ ಪಾಸಾದಂತೆ.

ಇಂಥ ಜಾಣತನ ಲೋಕದ ಬೇರೆ ಒಣ ಸೀಮೆಗಳಲ್ಲೂ ಇದೆ. ಇಟಲಿಗೆ ಸೇರಿದ ಸಾರ್ಡೀನಿಯಾ ದ್ವೀಪದಲ್ಲಿ ಕುರಿ ಕಾಯುವವರು ತಿಂಗಳುಗಟ್ಟಲೆ ಊರುಬಿಟ್ಟು ಹೋಗುವಾಗ ಎರಡು ಸಲ ಸುಟ್ಟ ತೆಳ್ಳನೆಯ ಗರಿಗರಿ ರೊಟ್ಟಿ ಒಯ್ಯುತ್ತಿದ್ದರು. ಪಾನೆ ಕರಸಾವು ಎಂದು ಅದರ ಹೆಸರು. ರಾಯಚೂರು, ಕೊಪ್ಪಳದ ಕುರಿಗಾರರ ಬುತ್ತಿಯಲ್ಲಿ ಇರುವುದೂ ಇದೇ ಬಗೆಯ ಒಣರೊಟ್ಟಿ. ದೂರದ ಅಡವಿಗೆ ಕಟ್ಟಿಕೊಟ್ಟ ಬುತ್ತಿಯೇ ಮದುವೆ ಮನೆಯ ಆಪತ್ತಿಗೂ ಆಯಿತು.

ಒಂದೇ ಮನೆಯ ಹೆಂಗಸರಿಂದ ಇಷ್ಟು ರೊಟ್ಟಿ ಆಗುವ ಮಾತಲ್ಲ. ಹಿಟ್ಟು ಓಣಿಗೆ ಹಂಚಿಹೋಗುತ್ತದೆ. ಮನೆಗೆ ಎರಡು ಸೇರು, ಮೂರು ಸೇರು ಎಂದು ಅಳೆದು ಕೊಟ್ಟರೆ ಸಂಜೆಗೆ ರೊಟ್ಟಿಯಾಗಿ ತಿರುಗಿ ಬರುತ್ತದೆ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವ ಹಾಗೆ ಇದಕ್ಕೂ ಮುಯ್ಯಿ ಉಂಟು. ಇಂದು ನಮ್ಮ ಮನೆಯ ಮದುವೆಗೆ ರೊಟ್ಟಿ ಬಡಿದವರ ಮನೆಯ ಮದುವೆಗೆ ನಾಳೆ ನಾವು ಬಡಿಯಬೇಕು. ಈ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ.

ಮದುವೆಗೆ ಒದಗುವ ಇಕ್ಕಟ್ಟು ಕೆಲವೊಮ್ಮೆ ಗಾಳಿ ಮಳೆಗಿಂತ ದೊಡ್ಡದಾಗಿ ಬರುತ್ತದೆ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿಯ ನೋಟುಗಳು ರದ್ದಾದಾಗ ತುಳಸಿ ಲಗ್ನದ ನಂತರದ ಮದುವೆಗಳು ಹೊಸ್ತಿಲಲ್ಲಿದ್ದವು. ಮದುವೆಯ ಖರ್ಚಿಗೆ ಖಾತೆಯಿಂದ ಎರಡೂವರೆ ಲಕ್ಷ ರೂಪಾಯಿ ತೆಗೆಯಬಹುದೆಂದು ಸರ್ಕಾರ ಆಮೇಲೆ ಅನುಮತಿ ಕೊಟ್ಟಿತಾದರೂ, ಅದಕ್ಕೆ ಲಗ್ನಪತ್ರಿಕೆ, ಹಣ ಪಡೆಯುವವರ ಪಟ್ಟಿ ಎಂದು ಹತ್ತು ಕಾಗದ ಬೇಕಿತ್ತು. ಹತ್ತಿ, ಜೋಳ ಮಾರಿದ ನಗದನ್ನೇ ಮನೆಯಲ್ಲಿಟ್ಟುಕೊಂಡ ರೈತನಿಗೆ ಅದರಿಂದ ಆದ ಉಪಕಾರ ಅಷ್ಟರಲ್ಲೇ ಇತ್ತು. ಮುಂದೆ 2020ರ ಮಾರ್ಚ್ 13ರಂದು ರಾಜ್ಯ ಸರ್ಕಾರ ಕೊರೊನಾ ಕಾರಣಕ್ಕೆ ದೊಡ್ಡ ಮದುವೆಗಳಿಗೆ ತಡೆ ಹಾಕಿತು. ಮೇ ತಿಂಗಳ ಹೊತ್ತಿಗೆ ದೇಶವೆಲ್ಲ ಒಂದು ಮದುವೆಗೆ 50ಕ್ಕಿಂತ ಹೆಚ್ಚು ಅತಿಥಿಗಳು ಸೇರಕೂಡದು ಎಂಬ ಮಿತಿ ಬಂತು. ಕಲ್ಯಾಣ ಮಂಟಪಗಳಿಗೆ ಬೀಗ ಬಿದ್ದಿತು. ಮದುವೆಗಳು ಮನೆಯಂಗಳಕ್ಕೆ, ಹೊಲದ ಬದುವಿಗೆ, ಗುಡಿಯ ಕಟ್ಟೆಗೆ ಮರಳಿದವು. ನಗದು ಇಲ್ಲದಾಗಲೂ ಅಡುಗೆಯವರು ಸಿಗದಾಗಲೂ ಮನೆಯ ಕಣಜದ ಜೋಳ, ಹಿತ್ತಲ ಬದನೆಕಾಯಿ, ಗೋಧಿ ಹುಗ್ಗಿಗೆ ಬೇಕಾದ ಗೋಧಿ ಬೆಲ್ಲ, ಇಷ್ಟರಲ್ಲಿ ಊಟ ನಡೆಯುವ ದಾರಿ ಈ ಸೀಮೆಗೆ ಮೊದಲೇ ಗೊತ್ತಿತ್ತು.

ರೊಟ್ಟಿ ಪಂಕ್ತಿಯನ್ನು ಕಾಯ್ದರೆ, ಮುಂಜಾನೆಯ ನಾಷ್ಟಾ ಕಾಯುವುದು ಮಂಡಕ್ಕಿಯ ಸೂಸಲ. ಮಂಡಾಳ ಒಗ್ಗರಣಿ ಎಂದರೂ ಅದೇ. ತುರ್ವಿಹಾಳದಿಂದ ಕೊಪ್ಪಳದವರೆಗೆ ಯಾವ ಹೋಟೆಲಿನ ಮುಂದೆ ನಿಂತರೂ ಒಗ್ಗರಣಿ, ಮಿರ್ಚಿ ಸಿಕ್ಕೇ ಸಿಗುತ್ತದೆ. ಮದುವೆ ಮನೆಗೆ ರಾತ್ರಿಯೇ ಬಂದಿಳಿದ ನೆಂಟರು ಎಣಿಕೆಗಿಂತ ಇಮ್ಮಡಿ ಇದ್ದರೂ ಇಪ್ಪತ್ತು ನಿಮಿಷದಲ್ಲಿ ಅವರ ಕೈಗೆ ತಟ್ಟೆ ಬರುವುದು ಇದರಿಂದಲೇ. ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು ಬಿದ್ದು ಚಟಪಟ ಎಂದ ಮೇಲೆ ಹೆಚ್ಚಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿ ಜಜ್ಜಿದ ಹಸಿಮೆಣಸಿನಕಾಯಿ, ಅರಿಶಿಣ, ಉಪ್ಪು, ಒಂದು ಟೊಮೆಟೊ. ಹುಳಿಗೆ ಹುಣಸೆರಸ ಅಥವಾ ಕೊನೆಗೆ ನಿಂಬೆಹಣ್ಣು. ಮಂಡಾಳನ್ನು ನೀರಿಗೆ ಹಾಕಿ ಮುಳುಗಿಸಿದ ಕೂಡಲೇ ಎತ್ತಿ ಹಿಂಡಬೇಕು. ನೀರಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ಅದು ಮುದ್ದೆ. ಹಿಂಡಿದ್ದನ್ನು ಒಗ್ಗರಣೆಗೆ ಸುರಿದು, ಮೇಲೆ ಪುಟಾಣಿ ಹಿಟ್ಟು ಉದುರಿಸಿ ತಿರುವಿದರೆ ಮುಗಿಯಿತು. ಉಳಿದ ಪಸೆಯನ್ನು ಪುಟಾಣಿ ಹಿಟ್ಟು ಹೀರಿ, ಕಾಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ನಾಲ್ಕು ಮಂದಿಯ ಮನೆಗೂ ಇದೇ ವಿಧಾನ, ನಾನೂರು ಮಂದಿಗೂ ಇದೇ. ಬದಲಾಗುವುದು ಬುಟ್ಟಿಯ ಗಾತ್ರ ಮಾತ್ರ.

ಪುಂಡಿಪಲ್ಯೆಯನ್ನೂ ಇಲ್ಲಿ ಹೇಳಲೇಬೇಕು. ಪುಂಡಿಸೊಪ್ಪು, ಒಂದು ಹಿಡಿ ತೊಗರಿಬೇಳೆ, ಅಷ್ಟೇ ಜೋಳದ ನುಚ್ಚು, ಹಸಿಮೆಣಸಿನಕಾಯಿ ಒಟ್ಟಿಗೆ ಬೇಯಿಸಿ ಕಡೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರಾಯಿತು. ಸೊಪ್ಪಿನ ಸ್ವಂತ ಹುಳಿ ಅದನ್ನು ಬೇಗ ಕೆಡಗೊಡುವುದಿಲ್ಲ. ಬಿಸಿಲಿಗೆ ಬೇಳೆಸಾರು ಕೈಕೊಟ್ಟ ದಿನ ರೊಟ್ಟಿಯ ಜೊತೆಗಿರುವುದು ಇದೇ.

ರೊಟ್ಟಿಯ ಶಕ್ತಿಯನ್ನು ದೊಡ್ಡ ಪ್ರಮಾಣದಲ್ಲಿ ಕಾಣಬೇಕೆಂದರೆ ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋಗಬೇಕು. ಅಲ್ಲಿನ ಮಹಾದಾಸೋಹಕ್ಕೆ ಊರೂರಿನ ಹೆಂಗಸರು ಮನೆಯಲ್ಲಿ ಮಾಡಿದ ಲಕ್ಷಗಟ್ಟಲೆ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಬಂದು ಸೇರುತ್ತವೆ. ಇಷ್ಟು ಜನ ಬರುತ್ತಾರೆಂದು ಯಾರೂ ಮುಂಚೆ ಲೆಕ್ಕ ಕೊಡಲಾರದ ಜಾತ್ರೆಯಲ್ಲಿ ಊಟ ತಪ್ಪದಿರುವುದಕ್ಕೆ ಆ ಮನೆಮನೆಯ ಹಂಚುಗಳೇ ಆಧಾರ. ಮದುವೆ ಮನೆಯ ಓಣಿ ಮಾಡುವ ಕೆಲಸವನ್ನೇ ಅಲ್ಲಿ ಇಡೀ ಸೀಮೆ ಮಾಡುತ್ತದೆ.

ಈಗ ಆ ಹಂಚಿನ ಮುಂದೆ ಕೂಡುವವರು ಕಡಿಮೆಯಾಗುತ್ತಿದ್ದಾರೆ. ಜೋಳವೂ ಕಡಿಮೆಯಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಸಿದ್ಧವಾಗಿ, 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿದರು, ಅನ್ನ ದಿನದ ಊಟವಾಯಿತು. ಎರಿಹೊಲದಲ್ಲಿ ಮಳೆಯ ಪಸೆಯ ಮೇಲೇ ಬೆಳೆಯುವ ಹಿಂಗಾರಿ ಬಿಳಿಜೋಳ ನೀರಾವರಿ ಮುಟ್ಟದ ಭಾಗಗಳಿಗೆ ಸರಿದು ನಿಂತಿತು. ರೊಟ್ಟಿಗೆ ಇಂದಿಗೂ ಹೆಸರಾದ ಮಾಲ್ದಂಡಿ ಜೋಳಕ್ಕೆ 2024-25ರಲ್ಲಿ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,421 ರೂಪಾಯಿ ಇತ್ತು. ಭತ್ತ ಅಕ್ಕಿಯಾಗಿ ಮನೆ ತುಂಬಿದರೂ ಮದುವೆಯ ರೊಟ್ಟಿಗೆ ಬಿಳಿಜೋಳವನ್ನು ಕೊಂಡೇ ತರುವವರು ಈ ತಾಲ್ಲೂಕಿನಲ್ಲಿ ಬೇಕಾದಷ್ಟಿದ್ದಾರೆ. ಅನ್ನಕ್ಕೆ ಆ ಜಾಗ ಸಿಕ್ಕಿಲ್ಲ, ಸಿಗುವ ಲಕ್ಷಣವೂ ಇಲ್ಲ.

ಓಣಿಯ ಮುಯ್ಯಿ ಸಡಿಲವಾದ ಕಡೆ ರೊಟ್ಟಿ ಕೇಂದ್ರಗಳು ತಲೆಯೆತ್ತಿವೆ. ಮನೆಯ ಪಡಸಾಲೆಯಲ್ಲೇ ನಾಲ್ಕಾರು ಹೆಣ್ಣುಮಕ್ಕಳು ಸೇರಿ, ಮದುವೆ, ತೊಟ್ಟಿಲು, ಗೃಹಪ್ರವೇಶಕ್ಕೆ ಎಣಿಕೆಯ ಮೇಲೆ ರೊಟ್ಟಿ ಮಾಡಿಕೊಡುತ್ತಾರೆ. ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು, ಮಹಿಳಾ ಸ್ವಸಹಾಯ ಗುಂಪುಗಳ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಕೊಟ್ಟು ಮಾರುಕಟ್ಟೆಗೆ ತಂದಿದೆ. ಸಣ್ಣ ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯಂತ್ರಕ್ಕೆ, ಕಟ್ಟಡಕ್ಕೆ ಶೇ 35ರಷ್ಟು ಸಹಾಯಧನವಿತ್ತು. ಕರ್ನಾಟಕ ಸರ್ಕಾರ ಅದಕ್ಕೆ ಶೇ 15 ಸೇರಿಸಿತು. ಸಿಂಧನೂರು, ಮಸ್ಕಿ ಭಾಗದ ರೊಟ್ಟಿ ಮಾಡುವವರಿಗೂ ಇದು ತೆರೆದೇ ಇತ್ತು. ಹಿಟ್ಟು ನಾದುವ, ಒತ್ತುವ ಯಂತ್ರ ಬಂದರೆ ಅವರ ಹೆಗಲು, ಮಣಿಕಟ್ಟು ಉಳಿಯುತ್ತವೆ. ಬೇಸಿಗೆಯಲ್ಲಿ ಉರಿಯುವ ಒಲೆಯ ಮುಂದೆ ಐದಾರು ತಾಸು ಕೂಡುವುದು ಹುಡುಗಾಟವಲ್ಲ.

ಅವರ ಕೂಲಿಯ ಮಾತಿಗೆ ಬಂದಾಗ ನಮ್ಮ ಮದುವೆ ಮನೆಗಳ ಕೈ ಬಿಗಿಯಾಗುತ್ತದೆ, ಇದು ಸರಿಯಲ್ಲ. ಫೋಟೊಗ್ರಾಫರಿಗೆ, ಡಿಜೆಗೆ, ಬಣ್ಣದ ಸ್ಟೇಜಿಗೆ ಕೇಳಿದಷ್ಟು ಕೊಡುವವರು ನೂರು ರೊಟ್ಟಿಯ ದರದಲ್ಲಿ ಚೌಕಾಶಿಗೆ ಇಳಿಯುತ್ತಾರೆ. ಗಾಳಿಗೆ ಸ್ಟೇಜು ಬಿದ್ದ ರಾತ್ರಿ ನೆಂಟರು ಹಸಿದು ಹೋಗದಂತೆ ನೋಡಿಕೊಳ್ಳುವುದು ರೊಟ್ಟಿ ಬಡಿದ ಕೈಗಳು. ಬರುವ ಬೇಸಿಗೆಗೆ ಮನೆಯಲ್ಲಿ ಲಗ್ನ ಗೊತ್ತುಮಾಡಿಕೊಂಡವರು ಹದಿನೈದು ದಿನ ಮೊದಲೇ ರೊಟ್ಟಿಗೆ ಹೇಳಿ. ಆ ವರ್ಷದ ಹೊಸ ಜೋಳವನ್ನೇ ಕೊಡಿಸಿ, ಹಿಟ್ಟು ಹಳೆಯದಾಗಲು ಬಿಡಬೇಡಿ. ಎಣಿಕೆಗಿಂತ ಇನ್ನೂರು ರೊಟ್ಟಿ ಹೆಚ್ಚಿಗೇ ಹೇಳಿ. ಉಳಿದರೆ ಮರುದಿನ ಮುರಿದು ಒಗ್ಗರಣೆ ಹಾಕಬಹುದು. ಮತ್ತು ಅವರ ಕೂಲಿಯನ್ನು ಮದುವೆ ಮುಗಿದ ಮೇಲೆ ನೋಡೋಣ ಎನ್ನದೆ, ರೊಟ್ಟಿ ಎಣಿಸಿಕೊಂಡ ದಿನವೇ ಪೂರ್ತಿ ಕೊಟ್ಟುಬಿಡಿ.