ಬಾಡಿದ ಗುಲಾಬಿಗೆ ಮತ್ತೊಂದು ಚೆಂಬು ನೀರು ಬೇಡ

ಗೆಳತಿಯರೇ, ತಳ್ಳುಗಾಡಿಯ ಮೇಲೆ ಅಂಗೈಯಗಲದ ಹೂ ಬಿಟ್ಟ ಗುಲಾಬಿ ಗಿಡಗಳು ಓಣಿಯೊಳಗೆ ಬಂದರೆ ಸುಮ್ಮನೆ ಒಳಗೆ ಕೂರಲು ಆಗುತ್ತದೆಯೇ? ನನಗಂತೂ ಆಗುವುದಿಲ್ಲ. ಮದುವೆಯಾಗಿ ಯಾದಗಿರಿಗೆ ಬಂದ ಹೊಸತರಲ್ಲಿ ಒಂದೇ ಸಲಕ್ಕೆ ಐದು ಗಿಡ ಕೊಂಡಿದ್ದೆ. ಹಳದಿ, ಬಿಳಿ, ಕೇಸರಿ, ಎರಡು ಕೆಂಪು. ಶಿವರಾತ್ರಿಗೆ ಹೂ ಬಿಟ್ಟವು, ಯುಗಾದಿಗೆ ಸೊರಗಿದವು, ಬಸವ ಜಯಂತಿಯ ಹೊತ್ತಿಗೆ ಐದೂ ಕಡ್ಡಿಯಾದವು. 'ನಮ್ಮೂರ ಬಿಸಿಲಿಗೆ ಗುಲಾಬಿ ಎಲ್ಲಿ ಬದುಕುತ್ತದೆ ಬಿಡು' ಅಂತ ಎಲ್ಲರೂ ಸಮಾಧಾನ ಹೇಳಿದರು.

ಆದರೆ ಶಹಾಪುರದ ನನ್ನ ತವರಿನ ಹಿತ್ತಲಲ್ಲಿ ಅವ್ವ ನೆಟ್ಟ ನಾಟಿ ಗುಲಾಬಿ ಅದೇ ಬಿಸಿಲಿನಲ್ಲಿ ನಾನು ಲಂಗ ಹಾಕುವ ಕಾಲದಿಂದಲೂ ನಿಂತಿತ್ತಲ್ಲ! ತೆಳು ಗುಲಾಬಿ ಬಣ್ಣ, ಸಣ್ಣ ಹೂ, ಒಂದು ಮುಡಿದರೆ ಇಡೀ ಕೋಣೆ ಘಮ್ಮೆನ್ನುವಂಥದ್ದು. ಹಾಗಾದರೆ ತಪ್ಪು ಬಿಸಿಲಿನದೋ, ನನ್ನದೋ?

ತಪ್ಪು ಹಿಡಿದವರು ನಮ್ಮ ಅತ್ತೆ. ಮಧ್ಯಾಹ್ನ ಎಲೆ ಜೋತುಬಿದ್ದ ಗಿಡಕ್ಕೆ ನಾನು ಚೆಂಬಿನ ಮೇಲೆ ಚೆಂಬು ನೀರು ಸುರಿಯುವುದನ್ನು ನೋಡಿ, 'ಯವ್ವಾ, ಅದಕ್ಕ ನೀರಡಿಕಿ ಆಗಿಲ್ಲ, ಕುಡಿದು ಕುಡಿದು ಉಬ್ಬಸ ಆಗ್ಯದ. ಬೆರಳು ಹಾಕಿ ನೋಡು' ಅಂದರು. ಮೇಲೆ ಒಡೆದು ಬಿರುಕು ಬಿಟ್ಟಿದ್ದ ಮಣ್ಣು ಎರಡು ಇಂಚು ಕೆಳಗೆ ಹಸಿ ಹಸಿ, ಮುಗ್ಗಲು ವಾಸನೆ!

ನಮ್ಮ ಭಾಗದ ಎರೆ ಮಣ್ಣಿನ ಗುಣವೇ ಅದು. ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ, ತೊಗರಿಗೆ ಅದು ಬಂಗಾರ. ನಾರಾಯಣಪುರದ ಕಾಲುವೆ ನೀರು ಬಂದಲ್ಲಿ ಭತ್ತಕ್ಕೂ ಸೈ. ಆದರೆ ಕುಂಡದೊಳಗೆ ತುಂಬಿದರೆ ನೀರು ಹಿಡಿದುಕೊಂಡು ಬಿಡುವುದೇ ಇಲ್ಲ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಬೇರು ಕೊಳೆತ ಗಿಡ ನೀರು ಹೀರಲಾರದು, ಆದ್ದರಿಂದ ಮತ್ತೆ ಬಾಡುತ್ತದೆ. ನಾವು ಮತ್ತೆ ನೀರು ಸುರಿಯುತ್ತೇವೆ!

ಈಗ ನಾನು ಕುಂಡಕ್ಕೆ ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಹಾಕುತ್ತೇನೆ. ತಳದ ತೂತಿನ ಮೇಲೆ ಹೆಂಚಿನ ಚೂರು. ಮಸಾರಿ ಮಣ್ಣು ಎಲ್ಲಿ ತರೋದು ಅಂತೀರಾ? ಸುರಪುರದ ಗುಡ್ಡದ ಮಗ್ಗುಲಲ್ಲಿ ನಮ್ಮ ನಾದಿನಿಯ ಮನೆ ಇದೆ. ಹೋದಾಗಲೆಲ್ಲ ಒಂದು ಚೀಲ ತುಂಬಿಸಿಕೊಂಡು ಬರುವುದು ನನ್ನ ಹಕ್ಕು ಎಂದೇ ತಿಳಿದಿದ್ದೇನೆ. ನಮ್ಮವರು ಬಸ್ಸಿನಲ್ಲಿ ನನ್ನ ಪಕ್ಕ ಕೂರಲು ನಾಚುತ್ತಾರೆ, ಅದು ಬೇರೆ ಮಾತು.

ಎರಡನೆಯದು ನೀರಿನ ಗುಣ. ಬೋರಿನ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ? ಅದೇ ಸುಣ್ಣ ಕುಂಡದಲ್ಲೂ ಕಟ್ಟುತ್ತದೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ, ಸುಣ್ಣ ಹೆಚ್ಚಾಗಿ ಗಿಡಕ್ಕೆ ಕಬ್ಬಿಣದ ಅಂಶ ದಕ್ಕುತ್ತಿಲ್ಲ ಎಂದರ್ಥ. ಲೀಟರ್ ನೀರಿಗೆ 2-3 ಗ್ರಾಂ ಅನ್ನಭೇದಿ, ನಾಲ್ಕು ಹನಿ ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಗೋಡೆಗೆ, ಬಟ್ಟೆಗೆ ತಾಗಿದರೆ ಕಲೆ ಹೋಗದು, ಜೋಕೆ. ಮೊಟ್ಟೆ ಸಿಪ್ಪೆ, ಒಲೆಯ ಬೂದಿ ಹಾಕಿ ಎಂದು ಅಲ್ಲಿ ಇಲ್ಲಿ ಓದಿರುತ್ತೀರಿ. ಮಳೆನಾಡಿನ ಹುಳಿ ಮಣ್ಣಿಗೆ ಅದು ಸರಿ, ನಮ್ಮ ಸುಣ್ಣದ ನೆಲಕ್ಕೆ ಬೇಡವೇ ಬೇಡ. ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರನ್ನೂ ಗುಲಾಬಿಗೆ ಹಾಕಬೇಡಿ. ಅದರಲ್ಲಿ ಉಪ್ಪಿನಂಶ ಇನ್ನೂ ಹೆಚ್ಚು. ನೆಲ ಒರೆಸಲು ಇಟ್ಟುಕೊಳ್ಳಿ. ಅಕ್ಕಿ ತೊಳೆದ ನೀರು ಧಾರಾಳವಾಗಿ ಹಾಕಬಹುದು. ಮಣ್ಣಿನ ಬಗ್ಗೆ ಅನುಮಾನವಿದ್ದರೆ ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಅದು ಗಂಡಸರ ಜಾಗ ಅಂತ ಹಿಂಜರಿಯಬೇಡಿ.

ಇನ್ನು ಬಿಸಿಲು. ಗುಲಾಬಿಗೆ ದಿನಕ್ಕೆ ಆರು ತಾಸು ಬಿಸಿಲು ಬೇಕೇ ಬೇಕು. ಆದರೆ ನಮ್ಮಲ್ಲಿ 42 ಡಿಗ್ರಿ ದಾಟುವ ದಿನಗಳಲ್ಲಿ ಎಲೆಗಿಂತ ಮೊದಲು ಬೇಯುವುದು ಬೇರು. ಅಂಗಳಕ್ಕೆ, ಮಾಳಿಗೆಗೆ ಹಾಸಿದ ಶಹಾಬಾದ್ ಫರಸಿಯ ಮೇಲೆ ಮಧ್ಯಾಹ್ನ ಬರಿಗಾಲಿಡಲು ಆಗುತ್ತದೆಯೇ? ಅದರ ಮೇಲೆ ಕುಂಡ ಇಟ್ಟರೆ ಹೆಂಚಿನ ಮೇಲೆ ರೊಟ್ಟಿ ಇಟ್ಟ ಹಾಗೆಯೇ. ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತಿಡಿ. ಮಾರ್ಚ್‌ನಿಂದ ಕುಂಡಗಳನ್ನು ಮುಂಜಾನೆಯ ಬಿಸಿಲು ಬೀಳುವ ಮೂಡಣ ಗೋಡೆಗೆ ಸರಿಸಿ, ಇಲ್ಲವೇ ಪಡುವಣಕ್ಕೆ ಹಳೆಯ ಸೀರೆ ಕಟ್ಟಿ. ಮಣ್ಣಿನ ಮೇಲೆ ಶೇಂಗಾ ಸಿಪ್ಪೆಯನ್ನೋ ತೊಗರಿ ಹೊಟ್ಟನ್ನೋ ಎರಡು ಇಂಚು ಹರಡಿ. ನೀರು ಬೆಳಗಿನ ಜಾವಕ್ಕೆ, ಬೆರಳಿಗೆ ಮಣ್ಣು ಒಣಗಿದ್ದು ತಿಳಿದರೆ ಮಾತ್ರ. ಬೇಸಿಗೆಯಲ್ಲಿ ಕತ್ತರಿಯೂ ಬೇಡ, ಗೊಬ್ಬರವೂ ಬೇಡ. ಕೆಂಪು ನುಸಿ ಕಾಟವಿದ್ದರೆ ಎಲೆಯ ಅಡಿಭಾಗಕ್ಕೆ ಮುಂಜಾನೆ ನೀರು ಚಿಮುಕಿಸಿದರೆ ಸಾಕಷ್ಟು ಹತೋಟಿಗೆ ಬರುತ್ತದೆ.

ಕೊಂಡು ತಂದ ಗಿಡದ ಬುಡದಲ್ಲಿ ಒಂದು ಗಂಟು ಕಾಣುತ್ತದೆ. ಕಣ್ಣು ಕಸಿ ಮಾಡಿದ ಜಾಗ ಅದು. ಅದನ್ನು ಮಣ್ಣಲ್ಲಿ ಹೂಳಬೇಡಿ. ಗಂಟಿನ ಕೆಳಗಿನಿಂದ ಚಿಗುರು ಬಂದರೆ 'ಆಹಾ, ಗಿಡ ಚಿಗುರಿತು' ಎಂದು ಹಿಗ್ಗಬೇಡಿ, ಬುಡಕ್ಕೇ ಚಿವುಟಿ. ಅದು ಬೇರಿನ ಕಾಡುಗುಲಾಬಿ, ಮೇಲಿನ ಒಳ್ಳೆಯ ಗಿಡವನ್ನು ಸೊರಗಿಸುತ್ತದೆ.

ಈಗ ಅವ್ವನ ಗಿಡದ ಕತೆಗೆ ಬರುತ್ತೇನೆ. ಅವ್ವ ಹೋದ ಎರಡು ವರ್ಷಕ್ಕೆ ಅಣ್ಣ ಹಳೆಯ ಮನೆ ಕೆಡವಿ ಕಟ್ಟಿಸುವ ಮಾತೆತ್ತಿದ. ಹಿತ್ತಲು ಉಳಿಯುವುದಿಲ್ಲ. ವೈನಿ ಫೋನ್ ಮಾಡಿ, 'ಗಿಡ ಒಯ್ಯದಿದ್ರ ಬಂದು ಒಯ್ಯವ್ವ, ದೀಪಾವಳಿ ಆದಮ್ಯಾಗ ಕೆಲಸ ಸುರು ಮಾಡತಾರ' ಎಂದರು. ಅಷ್ಟರಲ್ಲಿ ನಾನು ಎರಡು ಸಲ ಕಡ್ಡಿ ತಂದು ಸೋತಿದ್ದೆ. ಏಪ್ರಿಲ್‌ನಲ್ಲಿ ತಂದವು ಒಣಗಿದ್ದವು, ಜುಲೈ ಮಳೆಯಲ್ಲಿ ತಂದವು ಕಪ್ಪಾಗಿ ಕೊಳೆತಿದ್ದವು.

ದಸರೆ ಮುಗಿದ ವಾರ ಹೋದೆ. ಒಮ್ಮೆ ಹೂ ಬಿಟ್ಟು ಬಲಿತ, ಪೆನ್ಸಿಲ್ ದಪ್ಪದ ಟೊಂಗೆಗಳನ್ನು ಆರೇಳು ಇಂಚು ಉದ್ದಕ್ಕೆ, ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ ಹನ್ನೆರಡು ಕಡ್ಡಿ ಮಾಡಿದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಕೆಳಗಿನ ಎಲೆ ತೆಗೆದು, ಅರ್ಧ ಮರಳು ಅರ್ಧ ಮಸಾರಿ ಮಣ್ಣಿನಲ್ಲಿ ಎರಡು ಗಿಣ್ಣು ಮುಚ್ಚುವಂತೆ ಊರಿದೆ. ನೆರಳಿನಲ್ಲಿಟ್ಟು, ಮೇಲೆ ತೂತು ಮಾಡಿದ ಪ್ಲಾಸ್ಟಿಕ್ ಚೀಲ ಹೊದಿಸಿದೆ. ಹತ್ತೇ ದಿನಕ್ಕೆ ಒಂಬತ್ತು ಚಿಗುರಿದವು. ಕುಣಿದಾಡಿಬಿಟ್ಟೆ! ಆದರೆ ಆ ಚಿಗುರು ಕಡ್ಡಿಯೊಳಗೆ ಉಳಿದ ಕಸುವಿನದು, ಬೇರಿನದಲ್ಲ. ಬೇರು ಬರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಎಳೆದು ನೋಡಿದರೆ ಕತೆ ಮುಗಿಯಿತು. ನನ್ನ ಮಗ ಒಂದನ್ನು ಹಾಗೇ ಮುಗಿಸಿದ. ಕೊನೆಗೆ ಉಳಿದದ್ದು ನಾಲ್ಕು.

ತಾಯಿಗಿಡವನ್ನು ಬೇರು ಸಮೇತ ಎತ್ತಲೂ ನೋಡಿದೆವು. ಒಣಗಿದ ಎರೆ ಹೆಂಟೆ ಸಲಿಕೆಗೆ ಸಿಗದೆ ಪುಡಿಯಾಗಿ ಬೇರು ಹರಿದುಹೋಯಿತು. ಅದು ಬದುಕಲಿಲ್ಲ. ಹಿಂದಿನ ದಿನ ನೀರುಣಿಸಿ ಅಗೆಯಬೇಕಿತ್ತು ಎಂದು ಆಮೇಲೆ ತಿಳಿಯಿತು.

ನಾಟಿ ಗುಲಾಬಿಗೆ ಕತ್ತರಿ ಸ್ವಲ್ಪವೇ ಸಾಕು. ದೊಡ್ಡ ಹೂವಿನ ಕಸಿ ಗಿಡವನ್ನಾದರೆ ದಸರೆಯ ನಂತರ, ಮಳೆ ನಿಂತ ಮೇಲೆ ಅರ್ಧದಷ್ಟು ಕತ್ತರಿಸಿ ಗೊಬ್ಬರ ಕೊಡಿ. ಆರೇಳು ವಾರಕ್ಕೆ ಮೊಗ್ಗು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊರಡುವಾಗ ಮುಡಿಯಲು ಹೂ ಸಿದ್ಧ.

ಬೇಸಿಗೆಯಲ್ಲಿ ಗುಲಾಬಿ ದಣಿದಾಗ ಅಂಗಳ ಬರಿದಾಗಬಾರದು ಅಂದರೆ ದುಂಡು ಮಲ್ಲಿಗೆ ಇರಲಿ. ಅದಕ್ಕೆ ನಮ್ಮ ಬಿಸಿಲೆಂದರೆ ಹಬ್ಬ. ಬಳ್ಳಾರಿ ಸೀಮೆಯ ಹಡಗಲಿ ಮಲ್ಲಿಗೆ ಹೆಸರು ಮಾಡಿದ್ದೂ ಒಣನೆಲದಲ್ಲೇ ಅಲ್ಲವೇ? ಡಿಸೆಂಬರ್‌ನಲ್ಲಿ ಕತ್ತರಿಸಿ, ನೀರು ತಗ್ಗಿಸಿದರೆ ಯುಗಾದಿಯಿಂದ ಮೊಗ್ಗೋ ಮೊಗ್ಗು. ದಾಸವಾಳ, ನಂದಿಬಟ್ಟಲು ಪೂಜೆಗಾಯಿತು. ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚೂರು ಸೋಪು ಕದಡಿ ಸಂಜೆ ಹೊಡೆಯಿರಿ. ಕಣಗಿಲೆಗೆ ಆರೈಕೆಯೇ ಬೇಡ, ಆದರೆ ಗಿಡವೆಲ್ಲ ವಿಷ. ಚಿಕ್ಕ ಮಕ್ಕಳಿದ್ದರೆ, ಮನೆ ಮುಂದೆ ದನ ಓಡಾಡಿದರೆ ಬೇಡ.

ಅವ್ವನ ನಾಲ್ಕು ಗಿಡದಲ್ಲಿ ಒಂದು ನನ್ನಲ್ಲಿದೆ, ಒಂದು ಸುರಪುರದ ನಾದಿನಿಯ ಮಸಾರಿ ನೆಲದಲ್ಲಿ ನನ್ನದಕ್ಕಿಂತ ಜೋರಾಗಿ ಬೆಳೆದಿದೆ. ಇನ್ನೊಂದು ತಂಗಿಗೆ. ನಾಲ್ಕನೆಯದನ್ನು ವೈನಿ ಹೊಸ ಮನೆಯ ಗೇಟಿನ ಬಳಿ, ಫರಸಿಯ ಒಂದು ಕಲ್ಲು ಎಬ್ಬಿಸಿ ನೆಟ್ಟಿದ್ದಾರೆ. ಈ ಸಲ ದಸರೆಗೆ ಅದರಿಂದಲೂ ಕಡ್ಡಿ ತೆಗೆಯಬೇಕು. ಪಕ್ಕದ ಮನೆಯಾಕೆ ಈಗಲೇ ಎರಡು ಹೇಳಿಟ್ಟಿದ್ದಾರೆ.