ಹಿಮದ ಬುಡದಲ್ಲಿ ಕೆಸರು

ಹಿಮರಾಶಿ ಜಾರಬೇಕಾದರೆ ಕಡಿದಾದ ಇಳಿಜಾರು ಬೇಕಲ್ಲವೆ? ಪಶ್ಚಿಮ ಅಂಟಾರ್ಕ್ಟಿಕದ ವಿಲನ್ಸ್ ಹಿಮಪ್ರವಾಹಕ್ಕೆ ಅಂಥ ಇಳಿಜಾರಿಲ್ಲ. ಆದರೂ ಸುಮಾರು 1 ಕಿಲೋಮೀಟರ್ ದಪ್ಪದ ಆ ಹಿಮ ವರ್ಷಕ್ಕೆ ನೂರಾರು ಮೀಟರ್ ಸರಿಯುತ್ತದೆ. ಇದರ ಗುಟ್ಟು ಅದರ ಬುಡದಲ್ಲಿದೆ.

ಹಿಮದೊಳಕ್ಕೆ ಕೃತಕ ಕಂಪನಗಳನ್ನು ಕಳಿಸಿ ನಡೆಸಿದ ಅಧ್ಯಯನಗಳು 1986ರಲ್ಲಿ ಪ್ರಕಟವಾದವು. ಹಿಮದ ತಳದಲ್ಲಿ ಹಲವು ಮೀಟರ್ ದಪ್ಪದ ಒದ್ದೆ ಕೆಸರಿನ ಪದರವಿದೆ ಎಂದು ಅವು ತೋರಿಸಿದವು.

ಇಂಥ ಕೆಸರು ಹುಟ್ಟುವುದು ಹೇಗೆ? ಹಿಮ ಚಲಿಸುವಾಗ ತಳದ ಬಂಡೆಯಿಂದ ಚೂರುಗಳನ್ನು ಕಿತ್ತೊಯ್ಯುತ್ತದೆ. ಹಿಮಕ್ಕೆ ಅಂಟಿದ ಈ ಚೂರುಗಳು ಮರಳುಕಾಗದದಂತೆ ನೆಲವನ್ನು ಉಜ್ಜುತ್ತವೆ. ಬೀಸುಕಲ್ಲಿಗೆ ಸಿಕ್ಕ ಕಾಳಿನಂತೆ ತಾವೂ ಪುಡಿಯಾಗುತ್ತವೆ. ದೊಡ್ಡ ಕಲ್ಲಿನಿಂದ ನುಣ್ಣನೆಯ ಹಿಟ್ಟಿನವರೆಗೆ ಎಲ್ಲವೂ ಬೆರೆತ ಈ ರಾಶಿಗೆ ‘ಟಿಲ್’ ಎಂದು ಹೆಸರು.

ಭೂಮಿಯ ಒಳಗಿನ ಶಾಖ ಹಾಗೂ ಘರ್ಷಣೆಯಿಂದ ಹಿಮದ ತಳ ಕರಗುತ್ತದೆ. ಆ ನೀರು ಟಿಲ್‌ನ ಕಣಗಳ ನಡುವೆ ತುಂಬಿ, ಮೇಲಿನ ಭಾರದ ಬಹುಪಾಲನ್ನು ಹೊರುತ್ತದೆ. ಕಣಗಳ ಹಿಡಿತ ಸಡಿಲವಾಗಿ ಹಿಮ ಸುಲಭವಾಗಿ ಜಾರುತ್ತದೆ. ನೀರು ಬಸಿದುಹೋದರೆ ಅಥವಾ ಹೆಪ್ಪುಗಟ್ಟಿದರೆ ಕೆಸರು ಬಿಗಿಯಾಗಿ ಹಿಮವನ್ನು ತಡೆಯುತ್ತದೆ. ನೆರೆಯ ಕ್ಯಾಂಬ್ ಹಿಮಪ್ರವಾಹ ಸುಮಾರು 150 ವರ್ಷಗಳ ಹಿಂದೆ ನಿಂತುಹೋಗಲು ಇದೇ ಕಾರಣವಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ವಿಲನ್ಸ್‌ನಲ್ಲಿ ಬಿಸಿನೀರಿನಿಂದ ಹಿಮ ಕೊರೆದು ಮೇಲೆತ್ತಿದ ಕೆಸರಿನಲ್ಲಿ ‘ಡಯಾಟಮ್’ ಎಂಬ ಸೂಕ್ಷ್ಮ ಕಡಲಪಾಚಿಗಳ ಚಿಪ್ಪುಗಳು ಸಿಕ್ಕಿವೆ. ಎಂದರೆ ಇಂದು ಹಿಮವಿರುವಲ್ಲಿ ಹಿಂದೊಮ್ಮೆ ಕಡಲಿತ್ತು! ಪಶ್ಚಿಮ ಅಂಟಾರ್ಕ್ಟಿಕದ ಹಿಮವೆಲ್ಲ ಕರಗಿದರೆ ಜಗತ್ತಿನ ಸಮುದ್ರಮಟ್ಟ 3 ಮೀಟರಿಗಿಂತ ಹೆಚ್ಚು ಏರುತ್ತದೆ. ಹಿಮ ಎಷ್ಟು ಬೇಗ ಕಡಲು ಸೇರೀತು ಎಂದು ಲೆಕ್ಕ ಹಾಕುವವರು ಅದರಡಿಯ ಕೆಸರನ್ನೂ ಅರಿಯಬೇಕಾಗಿದೆ.