ಟ್ರೋಂಬೋನಿನ ಕಾಲ, ಶ್ರುತಿ ಮತ್ತು ಭಾವ

ಪಾಶ್ಚಾತ್ಯ ವಾದ್ಯವೃಂದದಲ್ಲಿ ಟ್ರೋಂಬೋನ್ ಎಂಬ ಹಿತ್ತಾಳೆಯ ವಾದ್ಯಕ್ಕೆ ಬಹುಕಾಲ ದೊರೆತಿದ್ದುದು ಗಂಭೀರವಾದರೂ ಸಂಕುಚಿತವಾದ ಸ್ಥಾನ. ದೇವಾಲಯದ ಸಂಗೀತದಲ್ಲಿ ಗಾಯಕರ ಕಂಠಕ್ಕೆ ಒತ್ತಾಸೆಯಾಗಿಯೂ, ನಾಟಕದಲ್ಲಿ ಪರಲೋಕದ ಭೀತಿಯನ್ನು ಸೂಚಿಸುವುದಕ್ಕಾಗಿಯೂ ಅದನ್ನು ಬಳಸುತ್ತಿದ್ದರು. ಮೋಟ್ಸಾರ್ಟನು 1787ರ ‘ಡಾನ್ ಜೊವಾನಿ’ಯಲ್ಲಿ ಕಲ್ಲಿನ ಪ್ರತಿಮೆಯು ಮಾತನಾಡುವಾಗ ಈ ವಾದ್ಯವನ್ನೇ ಕರೆದನು. ಅಂತಹ ವಾದ್ಯವು ವೃಂದದ ಮುಂದೆ ನಿಂತು ತಾನೇ ನಾಯಕನಾಗಿ ಹಾಡಬಲ್ಲುದೆಂಬುದಕ್ಕೆ ಒಳ್ಳೆಯ ನಿದರ್ಶನ, ಫರ್ಡಿನಂಡ್ ಡೇವಿಡನು ರಚಿಸಿದ ಕನ್ಸರ್ಟಿನೊ.

ಡೇವಿಡನು ಪಿಟೀಲು ವಿದ್ವಾಂಸ. ಜರ್ಮನಿಯ ಲೈಪ್‌ಜಿಗ್ ನಗರದ ಗೆವಾಂಡ್‌ಹೌಸ್ ವಾದ್ಯವೃಂದದಲ್ಲಿ ಪ್ರಥಮ ಪಿಟೀಲುಗಾರ. ಅದೇ ವೃಂದದಲ್ಲಿ ಕ್ವೈಸರ್ ಎಂಬ ಪ್ರಸಿದ್ಧ ಟ್ರೋಂಬೋನ್ ವಾದಕನಿದ್ದನು. ಅವನಿಗಾಗಿ ರಚಿತವಾದ ಈ ಕೃತಿಯು 1837ರಲ್ಲಿ ಮೆಂಡೆಲ್‌ಸನ್ನನ ನಿರ್ದೇಶನದಲ್ಲಿ ಮೊದಲ ಬಾರಿಗೆ ನುಡಿಯಿತು. ಇದರಲ್ಲಿ ಮೂರು ಭಾಗಗಳು: ಘನತೆಯಿಂದ ಕೂಡಿದ ದ್ರುತ, ನಡುವೆ ಶವಯಾತ್ರೆಯ ನಡೆ, ಕೊನೆಗೆ ಮತ್ತೆ ಮೊದಲಿನ ದ್ರುತ. ಒಟ್ಟು ಸುಮಾರು ಕಾಲು ಗಂಟೆಯ ಸಂಗೀತ.

ಮೊದಲು ಶ್ರುತಿಯನ್ನು ನೋಡೋಣ. ಕೃತಿಯ ಮುಖ್ಯ ಶ್ರುತಿ ಈ-ಫ್ಲ್ಯಾಟ್ ಮೇಜರ್. ಟ್ರೋಂಬೋನಿನ ಜಾರುವ ಕೊಳವೆಯನ್ನು ಪೂರ್ತಿ ಒಳಗೆ ಎಳೆದುಕೊಂಡಾಗ ಬಿ-ಫ್ಲ್ಯಾಟನ್ನು ಮೂಲವಾಗುಳ್ಳ ಸ್ವರಗಳು ಹೊರಡುವುವು. ಕೊಳವೆಯನ್ನು ಒಂದೊಂದು ಸ್ಥಾನ ಮುಂದಕ್ಕೆ ಚಾಚಿದಂತೆಲ್ಲ ಒಂದೊಂದು ಸ್ವರಸ್ಥಾನ ಕೆಳಗಿಳಿಯುವುದು. ಹೀಗೆ ಏಳು ಸ್ಥಾನಗಳುಂಟು. ಈ-ಫ್ಲ್ಯಾಟನ್ನು ಷಡ್ಜವೆಂದಿಟ್ಟುಕೊಂಡರೆ ಬಿ-ಫ್ಲ್ಯಾಟು ಪಂಚಮವಾಗುವುದು. ವಾದ್ಯದ ಸಹಜ ಸ್ವರವೇ ಕೃತಿಯ ಪಂಚಮವಾದುದರಿಂದ ನಾದವು ತಡೆಯಿಲ್ಲದೆ ತುಂಬಿ ಹೊಮ್ಮುವುದು.

ನಡುವಣ ಶೋಕಭಾಗವು ಸಿ ಮೈನರಿನಲ್ಲಿದೆ. ಈ ಬದಲಾವಣೆಯ ಮರ್ಮವು ನಮ್ಮ ಸಂಗೀತವನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುವಂತಹುದು. ಮೇಜರ್ ಎಂಬುದು ಶಂಕರಾಭರಣದ ಸ್ವರಗಳು. ಅದರ ಧೈವತವನ್ನೇ ಷಡ್ಜವೆಂದು ಭಾವಿಸಿ ಗ್ರಹಭೇದ ಮಾಡಿದರೆ ನಠಭೈರವಿಯ ಸ್ವರಗಳು ದೊರೆಯುವುವು. ಅದರ ನಿಷಾದವನ್ನು ಏರಿಸಿದರೆ ಕೀರವಾಣಿಯ ಸ್ವರಗಳು. ಈ-ಫ್ಲ್ಯಾಟಿನಿಂದ ಸಿ ಮೈನರಿಗೆ ಹೋಗುವುದೂ ಇದೇ ಮಾರ್ಗ. ಇವು ಸ್ವರಗಳ ಏಣಿಗಳು ಮಾತ್ರ, ಗಮಕಸಂಪನ್ನವಾದ ರಾಗಗಳಲ್ಲ ಎಂಬುದನ್ನು ಮರೆಯಬಾರದು. ಆದರೂ ಮನೆಯ ಗೋಡೆಗಳು ಅವೇ ಆಗಿದ್ದು, ದೀಪವನ್ನು ಮಾತ್ರ ಬೇರೆ ಮೂಲೆಗೆ ಸರಿಸಿದಂತೆ, ಶೋಕವು ಹೊರಗಿನಿಂದ ಬಾರದೆ ಮೊದಲಿನ ಘನತೆಯ ಒಳಗಿನಿಂದಲೇ ಮೂಡುವುದು.

ಇನ್ನು ಕಾಲ. ಈ ಭಾಗಕ್ಕೆ ಡೇವಿಡನು ಸೂಚಿಸಿದ ಕಾಲ ‘ಅಂಡಾಂಟೆ’. ಇಟಾಲಿಯನ್ ಭಾಷೆಯಲ್ಲಿ ಅದಕ್ಕೆ ನಡೆಯುತ್ತಿರುವುದು ಎಂದರ್ಥ, ನಿಂತುಬಿಡುವುದು ಎಂದಲ್ಲ. ಶವವನ್ನು ಹೊತ್ತವರು ಮೆಲ್ಲಗೆ ನಡೆದರೂ ನಡೆಯಲೇಬೇಕು. ಶೋಕವೆಂದರೆ ವಿಳಂಬ, ಹೆಚ್ಚು ವಿಳಂಬವಾದರೆ ಹೆಚ್ಚು ಶೋಕ ಎಂದು ಭಾವಿಸುವ ವಾದಕರು ಇಲ್ಲಿ ಎಡವುವರು. ಟ್ರೋಂಬೋನು ಉಸಿರಿನ ವಾದ್ಯ. ಎಂಟು ತಟ್ಟುಗಳ ಒಂದು ವಾಕ್ಯವನ್ನು ನಿಮಿಷಕ್ಕೆ 72 ತಟ್ಟುಗಳ ಕಾಲದಲ್ಲಿ ನುಡಿಸಿದರೆ ಏಳು ಸೆಕೆಂಡಿಗಿಂತ ಕಡಿಮೆ ಸಾಕು. 48 ತಟ್ಟುಗಳ ಕಾಲದಲ್ಲಿ ಹತ್ತು ಸೆಕೆಂಡು ಬೇಕು. ಒಂದೇ ಉಸಿರಿನಲ್ಲಿ ಮುಗಿಯಬೇಕಾದ ವಾಕ್ಯವು ಆಗ ನಡುವೆ ತುಂಡಾಗುವುದು, ಇಲ್ಲವೆ ಕೊನೆಯಲ್ಲಿ ನಾದವು ಸೊರಗುವುದು. ಕೇಳುವವರ ಗಮನವು ಮೃತನ ಕಡೆಗೆ ಹೋಗದೆ ವಾದಕನ ಶ್ವಾಸಕೋಶದ ಕಡೆಗೆ ತಿರುಗುವುದು. ಕಾಲವು ಕೆಟ್ಟಲ್ಲಿ ಭಾವವೂ ಕೆಟ್ಟಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಧ್ವನಿಮುದ್ರಿಕೆಯಲ್ಲಿ ಕಾಲ ಮತ್ತು ಶ್ರುತಿಗಳಿಗೆ ಮತ್ತೊಂದು ನಂಟು ಉಂಟು. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ಗ್ರಾಮಫೋನ್ ತಟ್ಟೆಯು ಸುಮಾರು 82½ ಸುತ್ತು ತಿರುಗಿದರೆ, ಸಂಗೀತವು ನೂರಕ್ಕೆ ಆರರಷ್ಟು ತ್ವರೆಗೊಳ್ಳುವುದಲ್ಲದೆ ಶ್ರುತಿಯೂ ಒಂದು ಸ್ವರಸ್ಥಾನ ಏರುವುದು. ಈ-ಫ್ಲ್ಯಾಟ್ ಹೋಗಿ ಈ ಆಗುವುದು. ಟ್ರೋಂಬೋನಿನ ಗಾಂಭೀರ್ಯವು ಕಳೆದು ಅದು ಕಹಳೆಯಂತೆ ತೆಳುವಾಗುವುದು. ಹಳೆಯ ತಟ್ಟೆಗಳಿಂದ ನಕಲು ಮಾಡಿದ ಮುದ್ರಿಕೆಗಳಲ್ಲಿ ಈ ದೋಷವು ಹಾಗೆಯೇ ಉಳಿದುಬಂದಿರುವ ಸಂಭವವುಂಟು. ಆದುದರಿಂದ ವಾದಕನನ್ನು ಆತುರಗಾರನೆಂದು ದೂಷಿಸುವ ಮೊದಲು ಹಾರ್ಮೋನಿಯಮ್ಮಿನಲ್ಲಿ ಶ್ರುತಿಯನ್ನು ಪರೀಕ್ಷಿಸುವುದು ನ್ಯಾಯ. 1939ರಲ್ಲಿ ಲಂಡನ್ನಿನ ಸಮ್ಮೇಳನವು ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂಬ ಪ್ರಮಾಣವನ್ನು ಸೂಚಿಸಿತು. ಅದಕ್ಕಿಂತ ಅಲ್ಪಸ್ವಲ್ಪ ವ್ಯತ್ಯಾಸವು ಸಹಜ. ಪೂರ್ತಿ ಒಂದು ಸ್ವರಸ್ಥಾನದ ಏರಿಕೆಯಾದರೆ ಯಂತ್ರದ ಮೇಲೆ ಸಂಶಯಪಡಬಹುದು. ಈಗಿನ ಅಂಕೀಯ ಯಂತ್ರಗಳಾದರೋ ಶ್ರುತಿಯನ್ನು ಕದಲಿಸದೆ ಕಾಲವನ್ನು ಮಾತ್ರ ಬದಲಿಸಬಲ್ಲವು; ಅಲ್ಲಿ ಈ ಪರೀಕ್ಷೆಯು ನಡೆಯದು.

ಇಂತಹ ಮುದ್ರಿಕೆಯನ್ನು ಕೇಳುವವರು ಮೊದಲ ಭಾಗದ ನಡೆಯನ್ನು ಕೈಯಲ್ಲಿ ತಟ್ಟಿ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮೂರನೆಯ ಭಾಗದಲ್ಲಿ ಅದೇ ವಿಷಯಗಳು, ಅದೇ ಈ-ಫ್ಲ್ಯಾಟು, ಹಿಂದಿರುಗಿ ಬರುವುವು. ಸ್ವರಗಳು ಹೆಚ್ಚುಕಡಮೆ ಅವೇ ಆದರೂ ಕೇಳುವವನು ಅವನೇ ಅಲ್ಲ. ನಡುವೆ ಒಂದು ಶವಯಾತ್ರೆಯು ಅವನನ್ನು ದಾಟಿ ಹೋಗಿದೆ. ಮೊದಲು ಬರಿಯ ಆಡಂಬರವಾಗಿ ಕೇಳಿಸಿದ ಘೋಷವು ಈಗ ಧೈರ್ಯವಾಗಿ ಕೇಳಿಸಿದರೆ, ವಾದಕನು ಕಾಲವನ್ನು ಸರಿಯಾಗಿ ಹಿಡಿದಿದ್ದಾನೆಂದು ತಿಳಿಯಬಹುದು.